ಕರೆಂಟ್ ಹೋದಾಗಿನ ತಾಲೀಮು

೧೯ ಜನವರಿ ೨೦೦೩, ರವಿವಾರ. ಬನಹಟ್ಟಿ

ಸಿಟ್ಟು ಬಂದೈತಿ. ಯಾರ ಮುಂದ ಹೇಳ್ಲಿ? ಮನ್ಯಾಗ ಇರಾಂವ ಅಪ್ಪ ಒಬ್ಬ, ಅವಂಗ ಮಾತು ಹೋಗೇತಿ. ಅದಕ್ಕ ಈ ವಹಿ ತಗೊಂಡು ಕುಂತೇನಿ.

ಮುಂಜಾನಿ ರಾಚಪ್ಪ ಬಂದಿದ್ದ. ನಮ್ಮ ಓಣ್ಯಾಗ ಹದಿನಾರು ಪವರ್‌ಲೂಮಿನ ಧಣಿ, ನಾಟಕ ಕಮಿಟಿ ಹಿರ್ಯಾ. ಅಪ್ಪನ ಕಾಲು ಮುಟ್ಟಿದ, ಚಾ ಕುಡದ, ಆಮ್ಯಾಲ ನನ್ನ ಮಖಾ ನೋಡದನ ಅಂದ, "ಈ ಸಲ ಮಹಾಲಿಂಗಪುರದಿಂದ ಒಬ್ಬ ಮಾಸ್ತರನ ಕರಸೂಣು ಅಂತ ಮಾಡೇವಿ."

ಅಪ್ಪ, ಗಿರಮಲ್ಲಪ್ಪ ಮಾಸ್ತರ, ಮೂವತ್ತೆರಡು ವರ್ಷ ಈ ಓಣಿ ನೇಕಾರರಿಗೆ ನಾಟಕ ಕಲಿಸ್ಯಾನ. ಉಗಾದಿ ಅಮಾಸಿಗೆ ಓಣಿ ನಾಟಕ ಆಗಬೇಕು, ಒಂದು ವರ್ಷನೂ ತಪ್ಪಿಲ್ಲ. ಹೋದ ದೀಪಾವಳಿಗೆ ಲಕ್ವಾ ಹೊಡದು ಅಪ್ಪನ ಬಲಗಡೆ ಪೂರಾ ಹೋತು. ಆ ಮೂವತ್ತೆರಡರಾಗ ಇಪ್ಪತ್ತು ವರ್ಷ ವಹಿ ಹಿಡಕೊಂಡು ಅವನ ಮಗ್ಗಲಕ ಕುಂತಾಕಿ ಯಾರು? ನಾನು. ಯಾರ ಮಾತು ಎಲ್ಲಿ ತಪ್ಪತೈತಿ ಅಂತ ಅಪ್ಪಗಿಂತ ಮೊದಲ ನನಗ ಗೊತ್ತಾಗತಿತ್ತು.

"ನಾ ಇಲ್ಲೇನ್ರಿ ಕಾಕಾ?" ಅಂದೆ.

"ನೀ ಹೆಣಮಗಳು. ಗಂಡಸರು ನಿನ್ನ ಮಾತು ಕೇಳತಾರೇನು?"

"ಅಪ್ಪನ ಮಾತು ಕೇಳತಿದ್ರಲ್ಲ. ಅಪ್ಪಗ ನೆನಪು ಮಾಡಿಕೊಡತಿದ್ದಾಕಿ ನಾನ."

ಕಡೀಕ ಒಪ್ಪಿದ. ಮಾರ್ಚ್ ಹದಿನಾರಕ್ಕ ಕಮಿಟಿ ಬಂದು ತಾಲೀಮು ನೋಡತೈತಿ. ಅವರ ಮನಸ್ಸಿಗೆ ಸೇರಿದ್ರ ನಾಟಕ ನಂದು. ಸೇರದಿದ್ರ ಅವತ್ತ ಮಹಾಲಿಂಗಪುರಕ್ಕ ಹೇಳಿ ಕಳಸತಾರ, ನಾ ಒಲಿ ಮುಂದ ಕುಂಡರಬೇಕು. ಹೋಗೂಮುಂದ "ಸಿಟ್ಟು ಸ್ವಲ್ಪ ಕಮ್ಮಿ ಮಾಡಕೋ ತಂಗಿ" ಅಂದ. ಸಿಟ್ಟು ಕಮ್ಮಿ ಮಾಡಕೊಂಡಿದ್ರ ಜಮಖಂಡ್ಯಾಗ ಸವತಿಗೆ ರೊಟ್ಟಿ ಬಡಕೋತ ಇರತಿದ್ದೆ, ಇಲ್ಲಿ ಯಾಕ ಇರತಿದ್ದೆ?

೨೮ ಜನವರಿ, ಮಂಗಳವಾರ

ತಾಲೀಮು ಸುರು ಆತು. ಯಾವಾಗ ಅಂದ್ರ ಕರೆಂಟ್ ಹೋದಾಗ. ಮಧ್ಯಾನ ಹನ್ನೆರಡರಿಂದ ಮೂರರ ತನಕಾ ತಗೀತಾರ. ಒಮ್ಮೊಮ್ಮೆ ಎರಡಕ್ಕ ಬರತೈತಿ, ಒಮ್ಮೊಮ್ಮೆ ನಾಕಕ್ಕ. ಮಗ್ಗ ನಿಂತ ಕೂಡ್ಲೆ ಓಣಿ ಗಪ್ಪ ಆಗತೈತಿ, ಐದು ನಿಮಿಷಕ್ಕ ನಮ್ಮ ಪಡಸಾಲಿ ತುಂಬತೈತಿ. ಲೈಟ್ ಬಂತಂದ್ರ ಅರ್ಧಾ ಮಾತು ಬಾಯಾಗ ಇಟಗೊಂಡು ಎಲ್ಲಾರೂ ಮಗ್ಗಕ್ಕ ಓಡತಾರ. ಇಂಥಾದ್ರಾಗ ನಾಟಕ ಕಲಸಬೇಕು.

ಅಪ್ಪನ ರೀತಿ ಬ್ಯಾರೇ. ಮೊದಲ ಪುಸ್ತಕ ಇರಂಗಿಲ್ಲ. ಕಥಿ ಇಷ್ಟ ಅಂತ ಹೇಳಿ ಪಾರ್ಟು ಹಂಚತಿದ್ದ. ಪಡಸಾಲಿ ಹೊಸ್ತಿಲಾ ದಾಟಿ ಒಳಗ ಬಂದ್ರ ಯಾರೂ ತಮ್ಮ ಹೆಸರಿಲೆ ಇರಬಾರದು, ಪಾರ್ಟಿನ ಹೆಸರಿಲೆ ಇರಬೇಕು. ಚಾ ಬೇಡಿದ್ರೂ ಪಾರ್ಟಿನಂಗ ಬೇಡಬೇಕು. ಮಾತು ಅವರವರ ಹೊಟ್ಟಿಯಿಂದ ಬರಬೇಕು. ಮಾಸ್ತರಾದಾಂವ "ಯಾಕ?" ಅಂತ ಅಷ್ಟ ಕೇಳಬೇಕು, ತನ್ನ ಮಾತು ಯಾರ ಬಾಯಾಗೂ ತುರುಕಬಾರದು. ಛಲೋ ಮಾತು ಬಂದ್ರ ಅಪ್ಪ ಹಾರ್ಮೋನಿಯಂ ಪೇಟಿ ಮ್ಯಾಲ ಬೆರಳಿಲೆ ಒಂದು ಸಲ ಬಡೀತಿದ್ದ, ನಾ ಬರಕೋತಿದ್ದೆ. ಎರಡು ಸಲ ಬಡದ್ರ ಗೆರಿ ಎಳದು ಹೊಡದು ಹಾಕತಿದ್ದೆ. ನಾಟಕದ ದಿನಾ ಬರೂದ್ರಾಗ ಪುಸ್ತಕ ಆಗಿರತಿತ್ತು. ಈಗೂ ಹಂಗ. ಅಪ್ಪ ಪಡಸಾಲ್ಯಾಗ ಹೊರಸಿನ ಮ್ಯಾಲ ಮಲಗಿರತಾನ, ಎಡಗೈಲೆ ಹೊರಸಿನ ಕಟಗಿ ಬಡೀತಾನ.

ಕಥಿ ನಂದು. ಹೆಸರು "ಗ್ವಾಡಿ ಮ್ಯಾಲಿನ ನಂಬರ". ಡ್ಯಾಮಿನ ನೀರಾಗ ಹೋಗೂ ಊರು. ಮನಿ ಅಳತಿ ಮಾಡಾಕ ಕಲ್ಮೇಶ ಅನ್ನೋ ಮೋಜಣಿದಾಂವ ಬರತಾನ. ನೀಲವ್ವ ಅನ್ನಾಕಿ, ಗಂಡ ಬಿಟ್ಟಾಕಿ, ಅವನ್ನ ಹೊಸ್ತಿಲದಾಗ ನಿಂದರಸಿ ಬೈತಾಳ. ಮರುದಿನ ಮತ್ತ ಬರತಾನ, ಮತ್ತ ಬೈತಾಳ. ಹಿಂಗ ಬೈಕೋತ ಬೈಕೋತ ಇಬ್ಬರ ನಡುವ ಏನೋ ಆಗಬೇಕು. ಯಾವಾಗ ಆತು ಅಂತ ಅವರಿಗೂ ತಿಳೀಬಾರದು.

ನೀಲವ್ವನ ಪಾರ್ಟಿಗೆ ಮುಧೋಳದ ವೈಶಾಲಿ ಬರತಾಳ. ನಮ್ಮ ಓಣಿ ಹೆಣಮಕ್ಕಳು ಬಣ್ಣ ಹಚ್ಚಂಗಿಲ್ಲ, ಹೊರಗಿಂದ ನಟಿ ಕರಸೂದ ರೂಢಿ. ನಟಿ ಬರೂದು ನಾಟಕದ ಹಿಂದಿನ ದಿನ. ಅಲ್ಲೀ ತನಕಾ ಅಕಿ ಜಾಗಾದಾಗ ನಿಂತು ಮಾತಾಡಾಕ ಯಾರರೆ ಬೇಕಲ್ಲ. ನಾನ ನಿಂದರತೇನಿ.

ಕಲ್ಮೇಶನ ಪಾರ್ಟು ಲಗಮಪ್ಪಗ ಕೊಟ್ಟೆ. ರಾಚಪ್ಪನ ಮಗ್ಗದಾಗ ದುಡ್ಯಾಂವ, ನಲವತ್ಮೂರು ನಲವತ್ನಾಕು ಇರಬೇಕು. ಬೀಳಗಿ ಕಡೆ ಹೊಳಿದಂಡಿ ಊರಾಂವ, ಹಾಲುಮತದಾಂವ. ಅವನ ಊರು ಖರೇನ ಮುಳಗೇತಿ. "ನೀಲವ್ವನ ಅಣ್ಣನ ಪಾರ್ಟು ಕೊಡ್ರಿ, ಈ ಮೋಜಣಿದಾಂವಂದು ಒಲ್ಲೆ" ಅಂದ. ಒಲ್ಲೆ ಅಂದದ್ದಕ್ಕ ಅದನ್ನ ಕೊಟ್ಟೆ. ಅಣ್ಣನ ಪಾರ್ಟು ಚಾದಂಗಡಿ ದುಂಡೇಶಗ ಹೋತು. ಅಂವಾ ಬಾಯಿಬಡಕ, ಏನ್ ಕೊಟ್ಟರೂ ನಡೀತೈತಿ.

೪ ಫೆಬ್ರುವರಿ, ಮಂಗಳವಾರ

ಈ ಲಗಮಪ್ಪನ ಕಟಗೊಂಡು ನಾ ಹಾಳಾಗತೇನಿ. ಮೊದಲನೇ ಸೀನಿಗೆ ನಾ ನೀಲವ್ವ ಆಗಿ ಹತ್ತು ಮಾತು ಬೈದೆ. ಅಂವಾ ಹೊಸ್ತಿಲದಾಗ ಕಂಬದಂಗ ನಿಂತಿದ್ದ. ಆಮ್ಯಾಲ ಒಂದ ಮಾತು.

"ಟೇಪಿನ ಆ ತುದಿ ಹಿಡೀರಿ."

"ಯಾಕ ಹಿಡೀಬೇಕು?"

"ಒಬ್ಬಾಂವಗ ಅಳ್ಯಾಕ ಬರಂಗಿಲ್ರಿ."

ಅಪ್ಪ ಹೊರಸಿನ ಕಟಗಿ ಒಂದು ಸಲ ಬಡದ. ನನ್ನ ಹತ್ತು ಮಾತಿಗೆ ಬಡೀಲಿಲ್ಲ, ಇದಕ್ಕ ಬಡದ. ಸಿಟ್ಟು ನೆತ್ತಿಗೇರಿತು, ಆದ್ರ ಬರಕೊಂಡೆ.

ದುಂಡೇಶ ನಡುವ ಬಾಯಿ ಹಾಕಿದ. "ಅಕ್ಕಾರ, ಎರಡನೇ ಸೀನಿಗೆ ಒಂದು ಹಾಡು ಹಾಕಿ ಇಬ್ಬರಿಗೂ ಕೈ ಹಿಡಸಬಿಡ್ರಿ. ಮಂದಿ ಸೀಟಿ ಹೊಡೀತಾರ."

"ಕೈ ಹಿಡ್ಯೂದು ಈ ನಾಟಕದಾಗ ಇಲ್ಲ. ಟೇಪಿನ ಈ ತುದಿ ಅಕಿ, ಆ ತುದಿ ಅಂವಾ, ನಡುವ ಇಪ್ಪತ್ತು ಫೂಟು. ಒಂದೊಂದು ಸೀನಿಗೆ ಸ್ವಲ್ಪ ಸ್ವಲ್ಪ ಕಮ್ಮಿ ಆಗಬೇಕು, ಅಷ್ಟ."

"ಅಲ್ಲೀ ತನಕಾ ಮಂದಿ ಎದ್ದು ಮನಿಗೆ ಹೋಗಿರತಾರ್ರಿ" ಅಂದ. ಹೋಗೋರು ಹೋಗಲಿ.

ಇನ್ನೊಂದು ಬರಕೊಂಡಿಡತೇನಿ. ಓಣಿ ಮಂದಿ ಎಲ್ಲಾರೂ ನನ್ನ ಅಕ್ಕಾರ ಅಂತಾರ. ಇಂವಾ ಒಬ್ಬ ಹೋಗೂಮುಂದ "ಬರತೇನ್ರಿ ಮಾಸ್ತರ" ಅಂದ. ಚ್ಯಾಷ್ಟಿ ಮಾಡತಾನೇನು? ಅಕ್ಕಾರ ಅನ್ನಾಕ ಬಾಯಿ ಬರಂಗಿಲ್ಲೇನು?

೧೧ ಫೆಬ್ರುವರಿ, ಮಂಗಳವಾರ

ಇವತ್ತ ಕರೆಂಟ್ ಹೋಗಲಿಲ್ಲ. ನಿನ್ನಿನೂ ಹೋಗಿಲ್ಲ. ಊರು ತುಂಬ ಖಟಖಟ ಖಟಖಟ. ಓಣಿ ಮಂದಿ ಖುಷಿ ಆಗ್ಯಾರ, ಹುಚ್ಚು ಮಂದಿ. ತಗ್ಯೂದಿದ್ರ ನೇಮಿನಿಂದ ತಗೀಬೇಕಪ್ಪ. ಇಸ್ತ್ರಿ ಸೀರಿ ಉಟಗೊಂಡು ಮೂರು ತಾಸು ಪಡಸಾಲ್ಯಾಗ ಸುಮ್ಮನ ಕುಂತಿದ್ದೆ.

೧೭ ಫೆಬ್ರುವರಿ, ಸೋಮವಾರ

ಮೂರನೇ ಸೀನು. ಕಲ್ಮೇಶ ಒಳಗ ಬಂದು ಪಡಸಾಲಿ ಅಳೀಬೇಕು. ಅಪ್ಪನ ಹೊರಸು ನಡುವ ಬರತೈತಿ, ತಗ್ಯಾಕ ಬರಂಗಿಲ್ಲ. ಅಪ್ಪನ್ನ ನೀಲವ್ವನ ಅಪ್ಪ ಅಂತ ಮಾಡೇವಿ, ಮಾತಿಲ್ಲದ ಪಾರ್ಟು. ನಾ ಈ ಗ್ವಾಡಿಗೆ ಟೇಪಿನ ತುದಿ ಹಿಡದು ನಿಂತೆ. ಲಗಮಪ್ಪ ಆ ತುದಿ ಹಿಡಕೊಂಡು ಹಿಂದಕ್ಕ ಸರದ. ಟೇಪು ಅಪ್ಪನ ಕಾಲ ಮ್ಯಾಲ ಹಾಯಬೇಕು. ಅಲ್ಲಿ ನಿಂತ. ಟೇಪು ತಲಿ ಮಟಾ ಎತ್ತಿ ಹಿಡದು, ಅಪ್ಪಗ ತಾಕದಂಗ ಹೊರಸಿಗೆ ಸುತ್ತು ಹಾಕಿ ಆ ಕಡೆ ಹೋದ.

"ಯಾಕ?" ಅಂದೆ. ಮಾಸ್ತರ ಕೇಳಬೇಕಾದ್ದು ಅದೊಂದ.

ಟೇಪು ಕೆಳಗ ಇಳಿಸಿದ. ಆಮ್ಯಾಲ ಹೇಳಿದ. ಅವನ ಮನಿ ಅಳ್ಯಾಕ ಬಂದಾಗ ಹೆಂಡತಿ ತಾಯವ್ವ ಹೊರಸು ಹಿಡದಿದ್ಲಂತ. ಬಂದಾಂವಾ ಟೇಪು ಅಕಿ ಕಾಲ ಮ್ಯಾಲ ಎಳಕೊಂಡು ಹೋದನಂತ. ಅಕಿ ಕಾಲು ಸರಸಾಕ ನೋಡಿದ್ಲಂತ, ಆಗಲಿಲ್ಲ. "ಇಪ್ಪತ್ತೆರಡು ಫೂಟು" ಅಂತ ಬರಕೊಂಡು, ಗ್ವಾಡಿ ಮ್ಯಾಲ ನಂಬರ ಹಾಕಿ ಹೋದ. ಎರಡು ತಿಂಗಳಿಗೆ ತಾಯವ್ವ ಹೋದ್ಲು. ಊರು ಆಮ್ಯಾಲ ಮುಳಗಿತು.

"ಮತ್ತ ಇಲ್ಲಿ ಯಾಕ ಎತ್ತಿ ಹಿಡದ್ರಿ? ಅಂವಾ ಹಿಂಗ ಮಾಡಲಿಲ್ಲಲ್ಲ."

"ಮಾಡಬೇಕಾಗಿತ್ತರಿ. ಮಾಡಲಿಲ್ಲ."

"ಆ ಮನಶ್ಯಾನ ಮ್ಯಾಲ ಸಿಟ್ಟಿಲ್ಲೇನ್ರಿ ನಿಮಗ?"

"ಐತ್ರಿ. ಅದಕ್ಕ ಅವಂಗ ಕಲಸಾಕತ್ತೇನಿ."

ಅಷ್ಟರಾಗ ಲೈಟ್ ಬಂತು. ಓಡಿದ. ನಾ ಟೇಪಿನ ತುದಿ ಹಿಡಕೊಂಡು ಹಂಗ ನಿಂತಿದ್ದೆ. ಅಪ್ಪ ಬಡದನೋ ಇಲ್ಲೋ ನೋಡಲೇ ಇಲ್ಲ.

ಆ ಅಳ್ಯಾಕ ಬಂದಾಂವಾ ಇವತ್ತ ನನ್ನ ಕೈಗೆ ಸಿಕ್ಕಿದ್ರ ಅವನ ಟೇಪಿಲೇ ಅವನ್ನ ಕಟ್ಟಿ ಹಾಕತಿದ್ದೆ. ತಾಯವ್ವನ್ನ ನಾ ನೋಡೇ ಇಲ್ಲ. ಅಕಿ ಕಾಲಿನ ಸಲುವಾಗಿ ನನಗ ಇವತ್ತ ರೊಟ್ಟಿ ಸೇರಲಿಲ್ಲ. ಇಷ್ಟು ದಿನಾ ಈ ಲಗಮಪ್ಪಗ ಬಾಯಿಗೆ ಬಂದಂಗ ಬೈದೇನಲ್ಲ, ಆ ಪಾರ್ಟಿನ ಹೆಸರಿಲೆ. ಬದಲಿ ಮಾಡಲೇನು? ಇಲ್ಲ. ಪಾರ್ಟು ಅವಂದ. ಬ್ಯಾರೇ ಯಾರಿಗೂ ಬರಂಗಿಲ್ಲ.

೨೭ ಫೆಬ್ರುವರಿ, ಗುರುವಾರ

ಇವತ್ತ ಎಲ್ಲಾ ಕೆಡಿಸಿಟ್ಟ.

ಐದನೇ ಸೀನು. ಟೇಪು ಆರು ಫೂಟಿಗೆ ಬಂದೈತಿ. ಊರಿನ ಅಳತಿ ಮುಗಿಯಾಕ ಬಂದೈತಿ. ಅವತ್ತ ನೀಲವ್ವಗ ಬೈಯಾಕ ಬಾಯಿ ಬರಂಗಿಲ್ಲ, ದಣದಾಳ, ಸುಮ್ಮನ ನಿಂತಿರತಾಳ. ಕಲ್ಮೇಶ ಏನ್ ಮಾಡತಾನ ನೋಡೂಣು ಅಂತ ನಾನೂ ಸುಮ್ಮನ ನಿಂತೆ.

ಅಂವಾ ಟೇಪು ಸುತ್ತಾಕತ್ತಾಂವ ಕೈ ನಿಲ್ಲಿಸಿ ಅಂದ, "ನೀವು ಬೈಲಿಲ್ಲಂದ್ರ ನನಗ ಬೆಳಗಾದಂಗ ಆಗಂಗಿಲ್ರಿ."

ಅಪ್ಪ ಬಡದ, ಒಂದು ಸಲ. ನಾ ಕೇಳಲಿಲ್ಲ.

"ತಗೀರಿ ಆ ಮಾತು" ಅಂದೆ. "ಅಳ್ಯಾಕ ಬಂದಾಂವಾ ಹಿಂಗ ಮಾತಾಡತಾನೇನು? ಇಷ್ಟು ಲಗು ಬಾಯಿ ಬಿಡತಾನೇನು? ಇನ್ನೂ ಆರು ಫೂಟು ಐತಿ ನಡುವ. ಕಲ್ಮೇಶ ಅಂಥಾಂವಲ್ಲ."

"ಕಲ್ಮೇಶ ಅಂದಿಲ್ರಿ" ಅಂದ.

"ಮತ್ಯಾರು ಅಂದ್ರು? ಹೊಸ್ತಿಲದ ಒಳಗ ನಿಂತೀರಿ. ಇಲ್ಲಿ ಬ್ಯಾರೇ ಯಾರೂ ಇಲ್ಲ."

ಅಂವಾ ನನ್ನ ಮಖಾ ನೋಡಿದ. "ಹೌದ್ರಿ. ತಪ್ಪಾತು" ಅಂದ, ಟೇಪು ಪೂರಾ ಸುತ್ತಿ ಪೇಟಿ ಮ್ಯಾಲ ಇಟ್ಟ. ಲೈಟ್ ಬಂದಿರಲಿಲ್ಲ, ಆದ್ರೂ ಹೋದ.

ಪಾರ್ಟು ಬಿಟ್ಟು ಮಾತಾಡಿದ್ದಕ್ಕ ನಾ ಬೈದದ್ದು ಬರೋಬರಿ ಐತಿ. ನೇಮ ಅಂದ್ರ ನೇಮ. ಅಪ್ಪ ಮೂರು ಸಲ ಬಡದ, ನಾಕು ಸಲ ಬಡದ, ಸುಮ್ಮನಾಗಲೇ ಇಲ್ಲ. ಮೂರು ನಾಕು ಬಡದ್ರ ಏನರ್ಥ? ಅಂಥಾ ಲೆಕ್ಕ ನಮ್ಮಲ್ಲಿಲ್ಲ. "ಸುಮ್ಮನ ಮಲಕೋ ಅಪ್ಪಾ" ಅಂತ ಅವಂಗೂ ಬೈದೆ.

ಆ ಮಾತು ನಾಟಕದ ವಹ್ಯಾಗ ಹೊಡದು ಹಾಕೇನಿ. ಒಂದ ಗೆರಿ ಹೊಡದೇನಿ, ಇನ್ನೂ ಓದಾಕ ಬರತೈತಿ.

೪ ಮಾರ್ಚ್, ಮಂಗಳವಾರ

ಐದು ದಿನ ಆತು, ಲಗಮಪ್ಪ ಬಂದಿಲ್ಲ. ಪುನರ್ವಸತಿ ಕೇಂದ್ರದಾಗ ಅವನ ತಮ್ಮ ಧರೆಪ್ಪನ ಮನಿ ಐತಿ, ಬೀರೇಶ್ವರನ ಪೂಜಿ ಐತಂತ ಹೋಗ್ಯಾನಂತ. ದುಂಡೇಶ ಹೇಳಿದ. ಯಾವಾಗ ಬರತಾನ ಅಂದ್ರ "ಗೊತ್ತಿಲ್ರಿ, ಗಂಟು ಕಟಗೊಂಡು ಹೋಗ್ಯಾನ" ಅಂದ.

ಕಮಿಟಿ ಬರಾಕ ಹನ್ನೆರಡು ದಿನ ಉಳದಾವ. ಹೇಳದ ಕೇಳದ ಹೋಗತಾರೇನು ಮನಶ್ಯಾರು? ಜಮಖಂಡಿಯಾಂವ ಒಬ್ಬ ಹಿಂಗ ಮಾಡಿದ್ದ, ಎರಡು ದಿನ ಅಂತ ಹೋಗಿ ಇನ್ನೊಬ್ಬಾಕಿನ್ನ ಕರಕೊಂಡು ಬಂದಿದ್ದ. ಗಂಡಸರ ಜಾತಿನ ಇಷ್ಟ.

ಇವತ್ತ ಟೇಪಿನ ಆ ತುದಿ ಕಿಟಕಿ ಸಳಿಗೆ ಕಟ್ಟಿ ಐದನೇ ಸೀನು ಮಾಡಿದೆ. ಕಿಟಕಿ ಮಾತಿಗೆ ಮಾತು ಕೊಡಂಗಿಲ್ಲ. ಅವನೂ ಕೊಡತಿದ್ದಿಲ್ಲ, ಆದ್ರ ಬ್ಯಾರೇ ರೀತಿ ಕೊಡತಿದ್ದಿಲ್ಲ.

೬ ಮಾರ್ಚ್, ಗುರುವಾರ

ಬಂದ. ಬಂದ ಕೂಡ್ಲೆ ಬೈದೆ. ತಮ್ಮನ ಮನಿಯಿಂದ ಒಂದು ಕರಿ ಕಂಬಳಿ ತಂದಾನ, ಅಪ್ಪನ ಕಾಲಿಗೆ ಹೊಚ್ಚಾಕ. ಈ ಬ್ಯಾಸಗ್ಯಾಗ ಕಂಬಳಿ ಯಾರು ಹೊಚಗೋತಾರ? ಅಪ್ಪ ಹೊಚಗೊಂಡ. ಬೆವರಾಕತ್ತಿದ್ರೂ ತಗ್ಯಾಕ ಬಿಡಲಿಲ್ಲ.

ಐದನೇ ಸೀನು ಬದಲಿ ಮಾಡಿದೆವು. ಈಗ ಕಲ್ಮೇಶ ಏನೂ ಅನ್ನಂಗಿಲ್ಲ, ಟೇಪು ಸುತಗೊಂಡು ಹೋಗಿಬಿಡತಾನ. ನೀಲವ್ವ ಬಾಗಲದಾಗ ನಿಂತು ನೋಡತಾಳ. ಅಪ್ಪ ಬಡೀಲಿಲ್ಲ, ಒಂದೂ ಇಲ್ಲ, ಎರಡೂ ಇಲ್ಲ.

೧೬ ಮಾರ್ಚ್, ರವಿವಾರ

ಇವತ್ತ ಕಮಿಟಿ ಬಂದಿತ್ತು. ಮೊದಲಿಂದ ಬರೀತೇನಿ.

ರಾಚಪ್ಪ ಮತ್ತ ಮೂವರು ಹಿರ್ಯಾರು ಹನ್ನೆರಡಕ್ಕ ಬಂದು ಖುರ್ಚಿ ಹಾಕ್ಕೊಂಡು ಕುಂತ್ರು. ಹೊಸ್ತಿಲಾ ದಾಟೂಮುಂದ ರಾಚಪ್ಪಗ ನೇಮ ಹೇಳಿದೆ. ನಕ್ಕ. ನಾಕು ಸೀನು ಛಲೋ ಹ್ವಾದ್ವು. ಐದನೇದು ನಡದಾಗ, ಒಂದೂ ಕಾಲು ಇರಬೇಕು, ಲೈಟ್ ಬಂದುಬಿಡ್ತು. ಓಣಿ ತುಂಬ ಖಟಖಟ ಸುರು. ಕುಂತ ನೇಕಾರರೆಲ್ಲಾ ಎದ್ದು ಓಡಿದ್ರು. ಧಣಿ ಎದುರಿಗೆ ಕುಂತಾನ, ಓಡದ ಏನ್ ಮಾಡತಾರ? ಸೀನು ನಡುವ ನಿಂತ್ರ ಕಮಿಟಿ ಏನ್ ನೋಡಿದಂಗಾತು? ಮಹಾಲಿಂಗಪುರದಾಂವ ಬಂದಂಗ ಆತು ಅನಕೊಂಡೆ.

ಲಗಮಪ್ಪ ಸರೀಲಿಲ್ಲ. ಟೇಪಿನ ತುದಿ ಹಿಡಕೊಂಡು ನಿಂತಿದ್ದ.

"ಏ ಲಗಮ್ಯಾ, ಲೈಟ್ ಬಂತು. ನಿನ್ನ ಮಗ್ಗ ಖಾಲಿ ಐತಿ" ಅಂದ ರಾಚಪ್ಪ.

ಅಂವಾ ರಾಚಪ್ಪನ ಕಡೆ ತಿರುಗಿ ಕೈ ಮುಗದ. "ಈ ಮನಿ ಅಳತಿ ಮುಗದಿಲ್ರಿ ಗೌಡರ. ಇದನ್ನ ಮುಗಿಸಿ ಬರತೇನಿ."

ರಾಚಪ್ಪ ಹಿರ್ಯಾರ ಮಖಾ ನೋಡಿದ. ಆಮ್ಯಾಲ ಖುರ್ಚ್ಯಾಗ ಸರದು ಕುಂತು, ಊರ ಗೌಡನ ಗತ್ತಿಲೆ ಕೇಳಿದ, "ಎಷ್ಟು ಫೂಟು ಉಳದೈತೋ?"

"ಆರು ಫೂಟ್ರಿ."

"ಮುಗಸು ಹಂಗಾರ."

ಮಗ್ಗದ ಸಪ್ಪಳದಾಗ ಒದರಿ ಒದರಿ ಸೀನು ಮುಗಿಸಿದೆವು. ಕಡೀಕ ನಾ ಬಾಗಲದಾಗ ನಿಂತು ಅಂವಾ ಹೋಗೂದು ನೋಡಿದಾಗ ಒಬ್ಬ ಹಿರ್ಯಾ ಮೂಗು ಒರಸಿಕೊಂಡ. ರಾಚಪ್ಪ ಎದ್ದು "ನಾಟಕ ನೀನ ಮಾಡಸವ್ವ" ಅಂದ. "ಆದ್ರ ಅಮಾಸಿ ದಿನ ಮಂದಿ ಮುಂದ ನಿಂದರಬೇಕು. ಅಲ್ಲಿ ಬಿತ್ತಂದ್ರ ಮುಂದಿನ ವರ್ಷದ ಮಾತು ತಗೀಬ್ಯಾಡ."

ಕಮಿಟಿ ಹೋದ ಮ್ಯಾಲ ಲಗಮಪ್ಪಗ ಹಿಡಕೊಂಡು ಬೈದೆ. "ಧಣಿ ಮುಂದ ಹಂಗ ಮಾತಾಡತಾರೇನು? ಕೆಲಸ ಹೋಗಿದ್ರ ಏನ್ ಮಾಡತಿದ್ರಿ?"

"ನಿಮ್ಮ ಕೆಲಸ ಹೋಗತಿತ್ತಲ್ರಿ ಮಾಸ್ತರ."

ಅಲ್ಲೇ ನಿಂತಿದ್ದ ದುಂಡೇಶಗ ಬೈದೆ.

೨೪ ಮಾರ್ಚ್, ಸೋಮವಾರ

ಹ್ಯಾಂಡ್‌ಬಿಲ್ ಛಾಪಾ ಆಗಿ ಬಂದಾವ. "ಮಾಸ್ತರ: ಶ್ರೀ ಗಿರಮಲ್ಲಪ್ಪ." ಅಪ್ಪ! ಹೊರಸಿನ ಮ್ಯಾಲ ಮಲಗಿದಾಂವ ಮಾಸ್ತರ. ಎರಡು ತಿಂಗಳು ಗಂಟಲಾ ಹರಕೊಂಡಾಕಿ ಯಾರೂ ಅಲ್ಲ. ವೈಶಾಲಿ ಹೆಸರು ಇಷ್ಟು ದಪ್ಪಕ ಐತಿ. ರಾಚಪ್ಪಗ ಕೇಳಿದ್ರ "ಅಪ್ಪನ ಹೆಸರ ಅಲ್ಲೇನವ್ವ, ನಿನ್ನದ ಅಂತ ತಿಳಕೋ" ಅಂದ. ಮನಿಗೆ ಬಂದು ಸಿಟ್ಟಿಗೆ ತಾಟು ಎತ್ತಿ ಒಗದೆ. ಅಪ್ಪ ಕಣ್ಣೀರು ಹಾಕಿದ. ಅವಂದೇನು ತಪ್ಪು, ನಾ ಸುಡಗಾಡು ಸಿಟ್ಟಿನಾಕಿ.

ಸಂಜಿಮುಂದ ಪ್ಯಾಟಿಗೆ ಹೋದ್ರ ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲ ಅಂಟಿಸಿದ ಹ್ಯಾಂಡ್‌ಬಿಲ್‌ದಾಗ ಅಪ್ಪನ ಹೆಸರಿನ ಕೆಳಗ ನೀಲಿ ಬಣ್ಣದಿಲೆ ಕೈಬರಹ: "ಮತ್ತು ಶೈಲಾ ಮಾಸ್ತರ." ನನ್ನ ಹೆಸರು! ಚಾದಂಗಡಿ ಮುಂದಿನದರಾಗೂ ಅದ. ಎಲ್ಲಾದ್ರಾಗೂ. ಎಷ್ಟು ಬರದಾನೋ, ನೂರೋ ಇನ್ನೂರೋ. ಸೀರಿ ಬಣ್ಣಾ ಹಾಕೂ ಬಣ್ಣ ಅದು. ಇವತ್ತ ತಾಲೀಮಿಗೆ ಬಂದಾಗ ಲಗಮಪ್ಪನ ಬೆರಳು ನೀಲಿ ಇದ್ವು, ಯಾಕ ಅಂತ ಕೇಳಿರಲಿಲ್ಲ.

ಅಕ್ಷರ ಕಾಗಿಕಾಲಿನಂಗ ಅದಾವ. ನಾಳಿ ಹೇಳತೇನಿ ಅವಂಗ, ಹಿಂಗ ಬರ್ಯೂದಿದ್ರ ಬರೀಬ್ಯಾಡ್ರಿ ಅಂತ. ಒಂದು ಹ್ಯಾಂಡ್‌ಬಿಲ್ ಕಿತ್ತು ತಂದು ಈ ವಹ್ಯಾಗ ಇಟಗೊಂಡೇನಿ, ತೋರಿಸಿ ಬೈಯಾಕ ಬೇಕಾಗತೈತಿ.

೩೧ ಮಾರ್ಚ್, ಸೋಮವಾರ

ಮುಧೋಳ ಬಸ್ಸಿಗೆ ವೈಶಾಲಿ ಬಂದ್ಲು. ಮೂವತ್ತು ವಯಸ್ಸು, ನಗಮುಖ, ಪುಸ್ತಕ ಒಂದ ಸಲ ಓದಿದ್ಲು, ಅರ್ಧಾ ಬಾಯಿಪಾಠ ಆಗಿಬಿಟ್ಟಿತು. ತಪ್ಪು ಹುಡುಕಬೇಕಂತ ಕುಂತಿದ್ದೆ, ಸಿಗಲಿಲ್ಲ. ಅದಕ್ಕ ಇನ್ನೂ ಸಿಟ್ಟು ಬಂತು.

ನಾ ಟೇಪಿನ ತುದಿ ಅಕಿ ಕೈಯಾಗ ಕೊಟ್ಟೆ. ಎರಡು ತಿಂಗಳು ಹಿಡದಿದ್ದೆ, ನನ್ನ ಕೈ ಬೆವರಿಗೆ ಮೊದಲನೇ ಫೂಟಿನ ಅಂಕಿ ಅಳಿಸಿ ಹೋಗೇತಿ. ಅಕಿ ಹಿಡಕೊಂಡು ನಿಂತ್ಲು. ಲಗಮಪ್ಪ ಎದುರಿಗೆ ನಿಂತ. ನಾ ಹಿಂದ ವಹಿ ಹಿಡಕೊಂಡು ಕುಂತೆ. ಮಾಸ್ತರ ಕುಂಡರೂ ಜಾಗಾ ಅದ, ಅಲ್ಲಿ ಕುಂಡರಬೇಕಂತ ಅಲ್ಲೇನು ನಾ ಇಷ್ಟು ಗುದ್ದಾಡಿದ್ದು?

ಮೂರನೇ ಸೀನು ಆದ ಮ್ಯಾಲ ವೈಶಾಲಿ ಬಂದು ಕಿವ್ಯಾಗ ಅಂದ್ಲು, "ಅಕ್ಕಾರ, ಒಂದು ಮಾತು. ಇವರು ನನ್ನ ಕಡೆ ನೋಡಂಗ ಇಲ್ರಿ. ಮಾತಾಡೂದೆಲ್ಲಾ ನಿಮ್ಮ ಕಡೆ ಮಖಾ ಮಾಡಿ ಮಾತಾಡತಾರ. ನಾಳಿ ಮಂದಿಗೆ ತಿಳದುಬಿಡತೈತ್ರಿ."

"ಏನ್ ತಿಳೀತೈತಿ?"

ಅಕಿ ಸುಮ್ಮನ ನಕ್ಕು ನೀರು ಕುಡ್ಯಾಕ ಹೋದ್ಲು.

ಲಗಮಪ್ಪಗ ಗಟ್ಟಿಸಿ ಹೇಳಿದೆ. "ನಟಿ ಮಖಾ ನೋಡಿ ಮಾತಾಡ್ರಿ. ನನ್ನ ಕಡೆ ಏನೈತಿ?" "ಆತ್ರಿ" ಅಂದ. ಮತ್ತ ಇತ್ತಾಗ ನೋಡಿದ. ಕಡೀಕ ನಾನ ತಿರುಗಿ ಗ್ವಾಡಿಗೆ ಮಖಾ ಮಾಡಿ ಕುಂತೆ.

ನಾಳಿ ಹಗಲು ನಾಟಕ. ಅಮಾಸಿ, ಮಗ್ಗ ಬಂದ್. ಲೈಟಿನ ಭರೋಸೆ ಇಲ್ಲಂತ ಮಧ್ಯಾನ ಮೂರಕ್ಕ ಮಂಟಪ ಹಾಕಿ, ಮೈಕ್ ಇಲ್ಲದನ.

೨ ಏಪ್ರಿಲ್, ಬುಧವಾರ. ಉಗಾದಿ

ನಿನ್ನಿ ಬರ್ಯಾಕ ಆಗಲಿಲ್ಲ.

ಸಾವಿರದ ಮ್ಯಾಲ ಮಂದಿ ಇತ್ತು. ಅಪ್ಪನ್ನ ಖುರ್ಚಿ ಸಮೇತ ಎತಗೊಂಡು ಬಂದು ಮುಂದಿನ ಸಾಲಿನ್ಯಾಗ ಕುಂಡರಿಸಿದ್ರು, ಕಾಲ ಮ್ಯಾಲ ಕಂಬಳಿ. ನಾ ಪಡದೆ ಮಗ್ಗಲಕ ವಹಿ ಹಿಡಕೊಂಡು ನಿಂತಿದ್ದೆ, ಯಾರರೆ ಮಾತು ಮರತ್ರ ಎತ್ತಿಕೊಡಾಕ. ಯಾರೂ ಮರೀಲಿಲ್ಲ. ನೀಲವ್ವನ ಅಪ್ಪನ ಪಾರ್ಟಿಗೆ ಓಣಿ ಮುದುಕ ಒಬ್ಬಾಂವನ್ನ ಹೊರಸಿನ ಮ್ಯಾಲ ಮಲಗಿಸಿದ್ದೆವು. ಕಲ್ಮೇಶ ಅವನ ಮ್ಯಾಲ ಟೇಪು ಎತ್ತಿ ಹಿಡದಾಗ ಮಂಟಪದಾಗ ಒಂದು ಕೂಸು ಸುದ್ದಾ ಅಳಲಿಲ್ಲ. ನೀರಾಗ ಊರು ಕಳಕೊಂಡ ಮಂದಿನೂ ಬಂದಿದ್ರು, ಬೀಳಗಿ ಕಡೆಯವರು, ಕಂಬಳಿ ಹೆಗಲಿಗೆ ಹಾಕ್ಕೊಂಡವರು. ಅವರು ತಲಿ ಬಗ್ಗಿಸಿಕೊಂಡು ಕುಂತಿದ್ರು.

ಐದನೇ ಸೀನು ಬಂತು. ನೀಲವ್ವ ಬೈಯಂಗಿಲ್ಲ, ಸುಮ್ಮನ ನಿಂದರತಾಳ. ಕಲ್ಮೇಶ ಟೇಪು ಸುತಗೊಂಡು ಹೋಗಬೇಕು. ಪುಸ್ತಕದಾಗ ಅಷ್ಟ ಐತಿ.

ಅಂವಾ ಸುತ್ತೂದು ನಿಲ್ಲಿಸಿದ. ವೈಶಾಲಿ ಕಡೆ ನೋಡಲಿಲ್ಲ. ಪಡದೆ ಕಡೆ ತಿರುಗಿ, ಎದಿ ತುಂಬ ಅಂದ:

"ನೀವು ಬೈಲಿಲ್ಲಂದ್ರ ನನಗ ಬೆಳಗಾದಂಗ ಆಗಂಗಿಲ್ರಿ."

ನಾ ಹೊಡದು ಹಾಕಿದ ಮಾತು. ಸಾವಿರ ಮಂದಿ ಮುಂದ. ನನಗ ಕಣ್ಣು ಕತ್ತಲಿ ಬಂತು ಸಿಟ್ಟಿಗೆ.

ವೈಶಾಲಿಗೆ ಏನ್ ಗೊತ್ತು, ಅಕಿ ಪುಸ್ತಕದಾಗ ಈ ಮಾತಿಲ್ಲ, ಇದಕ್ಕ ಉತ್ತರನೂ ಇಲ್ಲ. ಅಕಿ ನನ್ನ ಕಡೆ ನೋಡಿದ್ಲು. ಮಂದಿ ಅಕಿ ಕಡೆ ನೋಡಾಕತ್ತಿತ್ತು. ರಾಚಪ್ಪ ಖುರ್ಚ್ಯಾಗ ಮುಂದಕ್ಕ ಸರದ. ನಟಿ ಮಾತಿಲ್ಲದ ನಿಂತ್ರ ನಾಟಕ ಬಿದ್ದಂಗ, ನಾಟಕ ಬಿದ್ರ ನಾ ಬಿದ್ದಂಗ. ನಾ ವಹಿ ಹಾಳಿ ತಿರುವಿದೆ. ಆ ಹೊಡದು ಹಾಕಿದ ಗೆರಿ ಸಿಕ್ಕಿತು, ಅದರ ಕೆಳಗ ಏನೂ ಇಲ್ಲ, ಬರೇ ಬಿಳಿ. ಅವತ್ತ ನಾ ಉತ್ತರ ಕೊಟ್ಟಿದ್ರಲ್ಲ ಇರೂದು.

ಮಾಸ್ತರ ತನ್ನ ಮಾತು ಯಾರ ಬಾಯಾಗೂ ತುರುಕಬಾರದು. ಮೂವತ್ತೆರಡು ವರ್ಷ ಅಪ್ಪ ಒಂದು ಸಲನೂ ತುರುಕಿಲ್ಲ.

"ಹಂಗಾರ ನಾಳಿ ಬರ್ರಿ" ಅಂದೆ. "ಇನ್ನೂ ಬೈಯೂದು ಉಳದೈತಿ."

ಮೆಲ್ಲಕ ಹೇಳಿಕೊಡಬೇಕಂತ ಅನಕೊಂಡಿದ್ದೆ. ಸಿಟ್ಟಿನಾಗ ದನಿ ಎಷ್ಟು ಏರಿತ್ತೋ, ಕಡೀ ಸಾಲಿನವರಿಗೂ ಕೇಳಿಸಿತಂತ. ವೈಶಾಲಿ ಶ್ಯಾಣ್ಯಾಕಿ. ಅದನ್ನ ತಿರುಗಿ ಅನ್ನಲಿಲ್ಲ. ತಾನ ಅಂದಂಗ ತಲಿ ಬಗ್ಗಿಸಿ, ಕೈಯಾಗಿನ ಟೇಪಿನ ತುದಿ ಬಿಟ್ಟುಬಿಟ್ಲು. ಲಗಮಪ್ಪ ನಕ್ಕ. ಎರಡು ತಿಂಗಳಾಗ ಅಂವಾ ನಕ್ಕಿದ್ದು ನಾ ನೋಡಿರಲಿಲ್ಲ.

ಮಂದಿ ಚಪ್ಪಾಳಿ, ಸೀಟಿ ಹೊಡೀತು. ಆ ಗದ್ದಲದಾಗನೂ ನನಗ ಕೇಳಿಸಿತು, ಮುಂದಿನ ಸಾಲಿನ್ಯಾಗ ಅಪ್ಪ ಎಡಗೈಲೆ ಖುರ್ಚಿ ಕಟಗಿ ಬಡದ, ಒಂದು ಸಲ.

ನಾಟಕ ಮುಗದ ಮ್ಯಾಲ ರಾಚಪ್ಪ ಬಂದ. "ಮುಂದಿನ ವರ್ಷನೂ ನೀನ ಕಲಸವ್ವ."

"ಹ್ಯಾಂಡ್‌ಬಿಲ್‌ದಾಗ ನನ್ನ ಹೆಸರು ಹಾಕಸ್ರಿ. ಕೈಲೆ ಅಲ್ಲ, ಛಾಪಾ. ಆಗಂಗಿಲ್ಲಂದ್ರ ಮಹಾಲಿಂಗಪುರಕ್ಕ ಹೋಗ್ರಿ."

ತಲಿ ಕೆರಕೊಂಡ. "ಆತು, ಹಾಕಸೂಣು ಮಾಸ್ತರ" ಅಂದ. ಅಂದಾಂವಗ ತಾ ಏನಂದೆ ಅಂತ ಆಮ್ಯಾಲ ತಿಳೀತು, ನಗಿ ಬಂತು ಅವಂಗ.

ಇವತ್ತ ಮುಂಜಾನಿ ನಾ ಬೇವು ಬೆಲ್ಲ ಕಲಸಾಕತ್ತಿದ್ದೆ. ಬಾಗಲದಾಗ ಸಪ್ಪಳಾತು. ಲಗಮಪ್ಪ. ಬಿಳಿ ಅಂಗಿ ಹಾಕ್ಕೊಂಡಾನ, ಬೆರಳು ಇನ್ನೂ ನೀಲಿ ಅದಾವ. ಹೊಸ್ತಿಲದ ಹೊರಗ ನಿಂತಾನ, ಒಳಗ ಬರಂಗಿಲ್ಲ.

"ಬೈಯೂದು ಉಳದೈತಿ ಅಂದಿದ್ರಲ್ರಿ. ಅದಕ್ಕ ಬಂದೆ."

"ಬಂದ್ರ ಹೊರಗ ಯಾಕ ನಿಂತೀರಿ?"

"ಒಳಗ ಬಂದ್ರ ಯಾವ ಹೆಸರಿಲೆ ಇರಬೇಕು ಅಂತ ತಿಳೀವಲ್ದು. ನಾಟಕ ಮುಗೀತು."

ಹೊರಸಿನ ಮ್ಯಾಲಿಂದ ಅಪ್ಪ ನೋಡಾಕತ್ತಿದ್ದ. ಬಡೀಲಿಲ್ಲ, ಕೈ ಎತ್ತಿ ಹಿಡದಿದ್ದ ಅಷ್ಟ.

"ನಿಮ್ಮ ಹೆಸರಿಲೇ ಬರ್ರಿ" ಅಂದೆ.

ಬಂದ. ಬೈದೆ. ಹೊಡದು ಹಾಕಿದ ಮಾತು ಮಂದಿ ಮುಂದ ಅಂದದ್ದಕ್ಕ ಬೈದೆ, ನಟಿ ಮಖಾ ನೋಡದಿದ್ದಕ್ಕ ಬೈದೆ, ಹೇಳದ ಊರಿಗೆ ಹೋಗಿದ್ದಕ್ಕ ಬೈದೆ, ಕಾಗಿಕಾಲಿನ ಅಕ್ಷರಕ್ಕ ಹ್ಯಾಂಡ್‌ಬಿಲ್ ತಂದು ತೋರಿಸಿ ಬೈದೆ. ಅದನ್ನ ಮಡಿಚಿ ವಹ್ಯಾಗ ಇಟಗೊಂಡದ್ದು ಅಂವಾ ನೋಡಿದ. ಮುಂದ ಇಟ್ಟ ಚಾ ಆರಿ ತಣ್ಣಗಾಗಿತ್ತು, ಅದನ್ನ ಕುಡದ.

ಇನ್ನೂ ಅರ್ಧಾ ಬೈಯೂದು ಐತಿ. ನಾಳಿ ಹನ್ನೆರಡಕ್ಕ ಕರೆಂಟ್ ತಗೀತಾರಂತ.